ದಾಸವಾಳಕ್ಕೆ ಕಟ್ಟಿದ ಬ್ಯಾಂಡೇಜು

ಕಳೆದ ಭಾನುವಾರ ಹಾಡಹಗಲಲ್ಲಿ ನಾನೊಂದು ಬ್ಯಾಂಡೇಜು ಬಿಚ್ಚಿದೆ. ಮನುಷ್ಯರದ್ದಲ್ಲ, ಗಿಡದ್ದು. ಅದೂ ನಮ್ಮ ಗಿಡದ್ದಲ್ಲ.

ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯವರು ಜವಳಿ ಅಂಗಡಿಯ ಶಿವಬಸಪ್ಪನವರು. ಒಳ್ಳೆಯವರು. (ಹಾಗೆಂದು ಊರೆಲ್ಲ ಹೇಳುವುದೇ ನನಗೆ ಆಗದು.) ಅವರ ಅಂಗಳದಲ್ಲೊಂದು ದಾಸವಾಳವಿದೆ. ನಮ್ಮ ನಿಮ್ಮ ಮನೆಯ ಐದೆಸಳಿನ ಕೆಂಪು ದಾಸವಾಳವಲ್ಲ; ಬೆಣ್ಣೆಯ ಬಣ್ಣ, ಎಸಳಿನೊಳಗೆ ಎಸಳು. ಮೈಸೂರಿನ ಯಾವುದೋ ಬಂಗಲೆಯಲ್ಲಿ ತೋಟದ ಕೆಲಸ ಮಾಡುವ ಅವರ ಭಾವಮೈದುನ ತಂದುಕೊಟ್ಟದ್ದು.

ಒಂದು ದಿನ ನಮ್ಮ ಅಮಲ್ದಾರರು ಕುದುರೆಗಾಡಿ ನಿಲ್ಲಿಸಿ, ಆ ಹೂವನ್ನು ನೋಡಿ "ಬ್ಯೂಟಿಫುಲ್" ಎಂದರು. ಅವರ ಕಚೇರಿಯಲ್ಲಿ ನಾನು ಗುಮಾಸ್ತ. ಇಷ್ಟು ವರ್ಷ ಬರೆದಿದ್ದೇನೆ, ನನ್ನ ಅಕ್ಷರವನ್ನು ನೋಡಿ ಒಮ್ಮೆಯಾದರೂ ಹಾಗೆಂದಿದ್ದಾರೆಯೇ? ಅಂದಿನಿಂದ ನನ್ನ ಹೊಟ್ಟೆ ಉರಿಯುತ್ತಲೇ ಇದೆ.

ನಾಚಿಕೆ ಬಿಟ್ಟು ಕಡ್ಡಿ ಕೇಳಿದೆ. ಕೊಟ್ಟರು. ನೆಟ್ಟೆ, ಕೊಳೆಯಿತು. ಮತ್ತೆ ಕೇಳಿದೆ, ಮತ್ತೆ ಕೊಟ್ಟರು, ಮತ್ತೆ ಕೊಳೆಯಿತು. ಮೂರನೆಯದೂ ಹೋದಾಗ ಅನುಮಾನ ಬಂತು. ಬಿಸಿನೀರಿನಲ್ಲಿ ಅದ್ದಿ ಕೊಡುತ್ತಿರಬಹುದೇ?

"ದಿನಾ ಬೆಳಿಗ್ಗೆ ಕಿತ್ತು ಬೇರು ಬಂತಾ ಅಂತ ನೋಡ್ತೀರಲ್ಲ, ಅದು ಹ್ಯಾಗ್ರೀ ಬದುಕುತ್ತೆ?" ಎಂದಳು ನಮ್ಮ ಮನೆಯವಳು. (ಇವಳೂ ಅವರ ಕಡೆಯೇ.)

ಅಷ್ಟರಲ್ಲಿ ಕಂದಾಯದ ಲೆಕ್ಕ ನೋಡುವ ಜಮಾಬಂದಿ ಕೆಲಸಕ್ಕೆಂದು ನನ್ನನ್ನು ನರಸೀಪುರಕ್ಕೆ ಕಳುಹಿಸಿದರು. ಬರುವಾಗ, ನಾಲ್ಕನೆಯ ಕಡ್ಡಿಗಿರಲೆಂದು, ಅಲ್ಲಿನ ಹೊಳೆಯ ಮೆಕ್ಕಲು ಮಣ್ಣನ್ನು ಹಳೆಯ ಪಂಚೆಯಲ್ಲಿ ಕಟ್ಟಿ ತಂದೆ. ಗಾಡಿಯಿಂದ ಇಳಿದವನು ಅಲ್ಲೇ ನಿಂತೆ. ದಾಸವಾಳದ ಒಂದು ಕೊಂಬೆಗೆ, ಆಸ್ಪತ್ರೆಯಲ್ಲಿ ಬ್ಯಾಂಡೇಜು ಕಟ್ಟುವಂತೆ, ಗೋಣಿಬಟ್ಟೆ ಸುತ್ತಿ ತೆಂಗಿನ ನಾರಿನಿಂದ ಬಿಗಿದಿದ್ದರು. ಮೇಲೊಂದು ತೂತಿನ ಕುಡಿಕೆ. ಅದರಿಂದ ಲಿಂಗದ ಮೇಲೆ ಬಿದ್ದಂತೆ ತೊಟ್ಟು ತೊಟ್ಟಾಗಿ ನೀರು. ಅದೂ ಯಾವ ಕೊಂಬೆಗೆ? ನಮ್ಮ ಗೋಡೆಯ ಮೇಲೆ ಬಾಗಿದ ಕೊಂಬೆಗೆ!

ಅರ್ಥವಾಗಲು ಎಷ್ಟು ಹೊತ್ತು ಬೇಕು? ಇದು ದೃಷ್ಟಿಗೆ ಕಟ್ಟಿದ ಗಂಟು. ಯಾರ ದೃಷ್ಟಿಗೆ? ನನ್ನದಕ್ಕೆ. ಹೊಟ್ಟೆಕಿಚ್ಚು ಪಡುವುದು ಬೇರೆ, ಅದು ಪಕ್ಕದ ಮನೆಯವರಿಗೆ ಗೊತ್ತಾಗಿಬಿಡುವುದು ಬೇರೆ. ಶಿವಬಸಪ್ಪನವರೊಡನೆ ಮಾತೇ ಬಿಟ್ಟೆ. ಅವರಾಗಿ ಮಾತಾಡಿಸಲು ಬಂದರೂ ಕೊಡೆ ಬಿಚ್ಚಿಕೊಂಡು ಮುಂದೆ ನಡೆದೆ. ಒಂದೂವರೆ ತಿಂಗಳು ಹೀಗೇ ಕಳೆಯಿತು.

ಭಾನುವಾರ ಅವರು ಅಂಗಡಿಗೆ ಹೋದದ್ದೇ ತಡ, ಒಗೆಯುವ ಕಲ್ಲನ್ನು ಹತ್ತಿ ನಿಂತು ಗಂಟು ಬಿಚ್ಚಿದೆ. ಒಳಗೆ ನಿಂಬೆಹಣ್ಣೋ ತಾಯಿತವೋ ಇರಬೇಕೆಂದುಕೊಂಡಿದ್ದೆ. ಇದ್ದದ್ದು ಹಸಿ ಮಣ್ಣು. ಕೊಡವಿದೆ. ಶ್ಯಾವಿಗೆಯಂಥ ಬಿಳಿ ಬೇರುಗಳು! ನೆಲದಿಂದ ಆಳೆತ್ತರದಲ್ಲಿ ಬೇರು! ಅಷ್ಟರಲ್ಲಿ ಅವರ ಮನೆಯ ಬಾಗಿಲು ಕಿರುಗುಟ್ಟಿತು. ಗೋಣಿಯನ್ನು ಹೇಗೋ ಸುತ್ತಿ ಒಳಗೆ ಓಡಿದೆ.

ಬುಧವಾರ ಶಿವಬಸಪ್ಪನವರು ಗೋಡೆಯಾಚೆಯಿಂದ ಕೂಗಿದರು. ಕೊಂಬೆಯ ಬೇರೆಲ್ಲ ಒಣಗಿ ನೂಲಾಗಿತ್ತು.

"ಈ ಜಾತಿಗೆ ಕಡ್ಡಿ ನೆಟ್ರೆ ಬ್ಯಾರು ಬರಾಕಿಲ್ವಂತೆ ಸ್ವಾಮಿ. ನಮ್ಮ ಭಾಮೈದ ಗೂಟಿ ಕಟ್ಟೋದು ಯೋಳ್ಕೊಟ್ಟ. ಕೊಂಬೆ ಸಿಪ್ಪೆ ಉಂಗುರದಂಗೆ ಕೆತ್ತಿ, ಸುತ್ತ ಮಣ್ಣು ಕಟ್ಟಿ, ಬೆಳಕು ಬೀಳದಂಗೆ ಮಡಗಿದ್ರೆ ಅಲ್ಲೇ ಬ್ಯಾರು ಬುಡ್ತದೆ. ಆಮ್ಯಾಕೆ ಕುಯ್ದು ನಿಮ್ಮ ಅಂಗಳದಲ್ಲೇ ನೆಡಾನ ಅಂತ, ನಿಮ್ಮ ಕಡೀಕೆ ಬಾಗಿದ್ದ ಕೊಂಬೇಗೇ ಕಟ್ಟಿದ್ದೆ. ಯೋಳಾನ ಅಂದ್ರೆ ನೀವು ನಿಲ್ಲಲೇ ಇಲ್ಲ. ಯಾರ ಕಣ್ಣು ಬಿತ್ತೋ ಏನೋ!"

"ಕೋತಿ ಇರಬಹುದು" ಎಂದೆ. (ಬೇಕಾದಾಗ ಮನುಷ್ಯನಿಗೆ ಎಷ್ಟು ಬೇಗ ಒಂದು ಕೋತಿ ಸಿಗುತ್ತದೆ!)

"ಓಗ್ಲಿ ಬುಡಿ, ಇನ್ನೊಂದು ಕಟ್ಟಾನ. ಈ ಸಲ ದೃಷ್ಟಿಗೆ ಅಂತ ಒಂದು ಕರಿ ದಾರಾನೂ ಕಟ್ಟಿಬುಡಾನ. ವಸಿ ಇಡ್ಕಳಿ ಸ್ವಾಮಿ."

ಹಿಡಿದುಕೊಂಡೆ. ಬಾಗಿಲ ಮೂಲೆಯಲ್ಲಿ ಬಿದ್ದಿದ್ದ ನರಸೀಪುರದ ಮಣ್ಣನ್ನೂ ತಂದುಕೊಟ್ಟೆ. ಅವರು ಅದನ್ನು ಮುಟ್ಟಿ ನೋಡಿ, ಇಷ್ಟು ಒಳ್ಳೆಯ ಮಣ್ಣು ಎಲ್ಲಿ ಸಿಕ್ಕಿತೆಂದು ಸಂತೋಷಪಟ್ಟರು. ನನಗೆ ಇನ್ನಷ್ಟು ಹೊಟ್ಟೆ ಉರಿಯಿತು, ಈ ಸಲ ಅವರ ಮನಸ್ಸಿನ ಮೇಲೆ. ಕಡ್ಡಿ ನೆಟ್ಟರೆ ಬೇರು ಬಿಡದ ಜಾತಿಗಳಿವೆಯಂತೆ. ಹೊಟ್ಟೆಕಿಚ್ಚು ಮಾತ್ರ ಅಂಥ ಜಾತಿಯಲ್ಲ.

ಕರಿ ದಾರಕ್ಕೆ ಗಂಟು ಹಾಕಿದವನು ನಾನೇ. ಯಾರ ಕಣ್ಣಿಗೆಂದು ಮಾತ್ರ ಬಾಯಿಬಿಟ್ಟು ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಈ ಪತ್ರಿಕೆ ಶಿವಬಸಪ್ಪನವರ ಅಂಗಡಿಗೂ ಹೋಗುತ್ತದಲ್ಲವೇ?