ಕಿಟಕಿಗೆ ಬಳಿಸಿದ ಹಸಿರು

ದೆವ್ವ, ಶಕುನ ಎಂದವರ ಬಾಯಿಯನ್ನು ನಾಲ್ಕು ಮಾತಿನಲ್ಲಿ ಮುಚ್ಚಿಸುತ್ತಿದ್ದವನು ನಾನು. ಮಂಡ್ಯದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ನನ್ನ ಕೈ ತಪ್ಪಿದ್ದೇ ಇಲ್ಲ. ದೆವ್ವವನ್ನು ಈಗಲೂ ನಂಬುವುದಿಲ್ಲ. ಆದರೆ ಈ ಒಂದಕ್ಕೆ ನನ್ನಲ್ಲಿ ಉತ್ತರವಿಲ್ಲ, ನಿಮ್ಮಲ್ಲಿದ್ದರೆ ಹೇಳಿ.

ಎಪ್ಪತ್ಮೂರರಲ್ಲಿ ಅತ್ತಿಗೆ ಮಳವಳ್ಳಿಯಿಂದ ಬೆಸಗರಹಳ್ಳಿ ಪಕ್ಕದ ನಮ್ಮ ಮನೆಗೆ ಬಂದಾಗ ಹಿತ್ತಿಲಾಚೆಯ ಕಬ್ಬು ಆಳೆತ್ತರ ದಾಟಿತ್ತು. ಡ್ರಾಯಿಂಗ್ ಮೇಡಂ ಆಗಬೇಕೆಂಬುದು ಅವಳ ಒಂದೇ ಆಸೆ. ತರಬೇತಿಯ ಅರ್ಜಿಯ ಜೊತೆ ಮನೆಯ ಒಳಭಾಗವನ್ನು ಇದ್ದದ್ದು ಇದ್ದಂತೆ ಬರೆದು ಕಳಿಸಬೇಕಿತ್ತು. ಎರಡು ತಿಂಗಳೊಳಗೆ ನಡುಮನೆಯನ್ನು ಎಣ್ಣೆಬಣ್ಣದಲ್ಲಿ ಬರೆದಳು. ನೆಲುವು, ಅಪ್ಪನ ಊರುಗೋಲು, ಕಂಬಕ್ಕೆ ಮೆತ್ತಿದ ಎಣ್ಣೆಜಿಡ್ಡು ಕೂಡ ಇತ್ತು. ಕಿಟಕಿಯಾಚೆ ಮಾತ್ರ ಕಬ್ಬಿರಲಿಲ್ಲ. ಬಯಲಿನ ನಡುವೆ ಒಂದು ಬಾವಿ. ಬಲಗಡೆ ಕಟ್ಟೆ ಕುಸಿದು ಮೂರು ಕಲ್ಲು ಕೆಳಗೆ ಬಿದ್ದಿದ್ದವು.

“ಅಲ್ಲಿ ಬಾವಿ ಎಲ್ಲೈತೆ ಅತ್ತಿಗೆ?”

“ಬರೀವಾಗ ಅಂಗೇ ಕಾಣ್ತದೆ ಕಣಪ್ಪ. ಕಂಡಂಗೆ ಬರ್ದೆ.”

ಅಪ್ಪನನ್ನು ಕೇಳಿದೆ. ಅವರೂ ಅಲ್ಲಿ ಬಾವಿ ಕಂಡಿಲ್ಲ, ಕೇಳಿಲ್ಲ. ನನಗಿನ್ನೇನು ಬೇಕು? ಅಣ್ಣನೆದುರು ಅವಳನ್ನು ವೇದಿಕೆಯ ಎದುರಾಳಿಯಂತೆ ನಿಲ್ಲಿಸಿದೆ. ಇಲ್ಲದ್ದನ್ನು ಬರೆಯುವವಳು ಮಕ್ಕಳಿಗೆ ಏನು ಕಲಿಸುತ್ತಾಳೆ? ಕಂಡದ್ದು ನಿಜವಾದರೆ ಡಾಕ್ಟರಿಗೆ ಕಣ್ಣು ತೋರಿಸಿಕೊ, ಸುಳ್ಳಾದರೆ ಒಪ್ಪಿಕೊ ಎಂದೆ. ಅಣ್ಣನಿಗೆ ಅಷ್ಟೇ ಸಾಕಾಯಿತು. “ಊರೋರು ನೋಡುದ್ರೆ ನಿನ್ನೆಡ್ತಿಗೆ ತಲೆ ಕೆಟ್ಟೈತೇನ್ಲಾ ಅಂತಾರೆ. ಕಬ್ಬು ಬರಿ, ಇಲ್ದಿದ್ರೆ ಅರ್ಜಿ ಅರ್ದಾಕ್ತೀನಿ” ಎಂದ.

ಅವಳು ಬಾವಿಯ ಮೇಲೆ ಕಬ್ಬಿನ ಹಸಿರು ಬಳಿದಳು. ತಿಂಗಳಾದ ಮೇಲೆ ಚಿತ್ರ ವಾಪಸು ಬಂತು. ‘ಕಿಟಕಿಯ ನೋಟ ಸಹಜವಾಗಿಲ್ಲ’ ಎಂದು ಅದರ ಹಿಂಬದಿಯಲ್ಲಿ ಬರೆದಿದ್ದರು. ಆಮೇಲೆ ಅವಳು ಕುಂಚ ಮುಟ್ಟಲಿಲ್ಲ.

ಮುಂದಿನ ವರ್ಷ ಕಬ್ಬು ಕಡಿದು, ಕೂಳೆ ಮತ್ತೆ ಚಿಗುರಲು ಬಿಡದೆ, ಅದುವರೆಗೆ ಎತ್ತಿನ ನೇಗಿಲನ್ನಷ್ಟೇ ಕಂಡಿದ್ದ ನೆಲಕ್ಕೆ ಟ್ರ್ಯಾಕ್ಟರ್ ಹೊಡೆಸಿದೆವು. ಕಲ್ಲಿಗೆ ತಗುಲಿ ನಿಂತಿತು. ಮಣ್ಣು ಬಗೆದರೆ ಎಂದೋ ಮುಚ್ಚಿಹೋದ ಬಾವಿ. ನನ್ನ ನೆನಪನ್ನು ನಂಬದೆ ಒಳಗೆ ಓಡಿ, ಚಿತ್ರ ಇಳಿಸಿ, ಬ್ಲೇಡಿನಿಂದ ಹಸಿರು ಕೆರೆದೆ. ಬಲಗಡೆ ಕುಸಿದ ಕಟ್ಟೆ, ಕೆಳಗೆ ಮೂರು ಕಲ್ಲು. ಹೊರಗೂ ಹಾಗೇ.

ಯಾರೋ ಹಳಬರು ಹೇಳಿರಬೇಕು ಎನ್ನುತ್ತೀರಿ. ಅಪ್ಪನಿಗೇ ಗೊತ್ತಿಲ್ಲದ್ದನ್ನು ಆಗತಾನೆ ಬಂದ ಸೊಸೆಗೆ ಕಲ್ಲು ಎಣಿಸಿ ಹೇಳಿದವರು ಯಾರು? ಎರಡೂ ಕಡೆ ನಾನೇ ನಿಂತು ವಾದಿಸಿದ್ದೇನೆ. ಎರಡೂ ಕಡೆ ಸೋತಿದ್ದೇನೆ.

ಅಂದು ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಗದ್ದೆಯ ಕಡೆ ತಿರುಗಿಯೂ ನೋಡಲಿಲ್ಲ.

“ಈಗ್ಯಾಕಪ್ಪ ಕೆರೀತೀಯ? ಬುಡು. ನೀನೇ ಗೆದ್ಬುಟ್ಯಲ್ಲ.”