ಹಬ್ಬವಿಲ್ಲದ ದಿನದ ಪಾಯಸ

ಸಾಯುತ್ತಿದ್ದ ತಾಯಿಯೊಬ್ಬಳ ಕಿವಿಗೆ ಮಗನ ದನಿ ತಲುಪದಂತೆ ತಡೆದವಳು ನಾನು. ತಡೆದು, ಆ ಮಧ್ಯಾಹ್ನ ಅದೇ ಮಗನಿಗೆ ಪಾಯಸ ಬಡಿಸಿದೆ. ಅವನು ಇನ್ನೊಂದು ಸಲ ಕೇಳಿ ಹಾಕಿಸಿಕೊಂಡ. ಹಾಕಿದೆ.

ಬರೆದದ್ದನ್ನು ಓದಿಕೊಂಡರೆ ಬಾಯಿ ಕಹಿಯಾಗುತ್ತದೆ. ಆಗಲಿ.

ಅವನ ಹೆಸರು ಯುರಿಸ್. ಲ್ಯಾಟ್ವಿಯಾ ದೇಶದವನು, ಬಾಸ್ಕೆಟ್‌ಬಾಲ್ ಆಡುವುದೇ ಅವನ ಕಸುಬು. ಜನ ಮಾಸ್ಕ್ ತೆಗೆಯಲೋ ಬೇಡವೋ ಎಂದು ಅನುಮಾನಿಸುತ್ತಿದ್ದ ವರ್ಷ ಅದು. ಸ್ಯಾನ್ ಡಿಯಾಗೋದ ಒಂದು ಸಣ್ಣ ತಂಡ ಅವನನ್ನು ಕರೆಸಿಕೊಂಡಿತ್ತು. ಹೊರಗಿನಿಂದ ಬಂದ ಆಟಗಾರರನ್ನು ಆ ತಂಡ ಊರಿನವರ ಮನೆಗಳಲ್ಲಿ ಇರಿಸುತ್ತಿತ್ತು. ನಮ್ಮ ಮಹಡಿಯ ಕೋಣೆ ಖಾಲಿಯಿತ್ತು, ನಾನೇ ಅಪ್ಲೈ ಮಾಡಿದೆ. ನಮಗೆ ಮಕ್ಕಳಿಲ್ಲ — ಇದನ್ನು ನೆಪವಾಗಿ ಹೇಳುತ್ತಿಲ್ಲ, ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ, ಅಷ್ಟೆ.

ಅಡುಗೆಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಿದ್ದ. ಮಂಚ ಸಾಲದೆ ಅದರ ತುದಿಗೆ ನನ್ನ ಹಳೆಯ ಸೂಟ್‌ಕೇಸ್ ಇಟ್ಟು, ಮೇಲೆ ರಜಾಯಿ ಮಡಚಿ ಹಾಸಿಕೊಟ್ಟಿದ್ದೆ. ಮೊಸರನ್ನವನ್ನು ಫೋರ್ಕಿನಲ್ಲಿ ತಿನ್ನುತ್ತಿದ್ದ. ಕಲಿತದ್ದು ಮೂರೇ ಕನ್ನಡ ಪದ: ಅಮ್ಮ, ಸಾಕು, ಹಬ್ಬ. ನಾನು ತಲೆಗೆ ನೀರು ಹಾಕಿಕೊಂಡು, ಕೂದಲಿಗೆ ಟವೆಲ್ ಸುತ್ತಿ ಒಲೆಯ ಮುಂದೆ ನಿಂತಿದ್ದರೆ ಸಾಕು, "ಹಬ್ಬ?" ಎನ್ನುತ್ತಿದ್ದ. ಒದ್ದೆ ತಲೆ ಅಂದರೆ ಹಬ್ಬ, ಹಬ್ಬ ಅಂದರೆ ಪಾಯಸ — ಅಷ್ಟು ಅವನಿಗೆ ಗೊತ್ತಾಗಿತ್ತು.

ಅವನ ತಾಯಿಯನ್ನು ಭಾನುವಾರದ ವಿಡಿಯೋ ಕರೆಗಳಲ್ಲಿ ನೋಡಿದ್ದೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಸುಮ್ಮನೆ ನಗುತ್ತಿದ್ದೆವು. ಒಮ್ಮೆ ಆಕೆ ನನಗೆಂದು ತಾನೇ ಹೆಣೆದ ಉಣ್ಣೆಯ ಕೈಗವಸು ಕಳಿಸಿದ್ದರು, ಕೆಂಪು ನಕ್ಷತ್ರಗಳ ಅಂಚಿನದು. ಸ್ಯಾನ್ ಡಿಯಾಗೋದ ಬಿಸಿಲಿಗೆ ಕೈಗವಸು! ಆದರೆ ಅಳತೆ ಸರಿಯಾಗಿತ್ತು. ನನ್ನ ಕೈಯನ್ನು ಆಕೆ ಪರದೆಯಲ್ಲೇ ಅಷ್ಟು ನೋಡಿಕೊಂಡಿದ್ದರು.

ನಾನು ಮಾತ್ರ ಲಾಸ್ ಏಂಜಲೀಸ್ ಪಕ್ಕದ ಕ್ಯಾಲಬಾಸಸ್ ದೇವಸ್ಥಾನದ ಊಟದ ಸಾಲಿನಲ್ಲಿ "ನನ್ನ ಮಗ" ಎಂದೇ ಹೇಳಿಕೊಂಡು ತಿರುಗುತ್ತಿದ್ದೆ. ಗೆಳತಿ ವಿಮಲಾ ಬಿಡುತ್ತಿರಲಿಲ್ಲ. "ಏನ್ರೀ ವತ್ಸಲಾ, ಆರಡಿ ಒಂಬತ್ತಂಗುಲದ ಮಗನಿಗೆ ತೊಟ್ಟಿಲು ಎಲ್ಲಿ ಮಾಡಿಸಿದ್ರಿ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುದಿನವೇ ಒಂದು ಟಿ-ಶರ್ಟ್ ಪ್ರಿಂಟ್ ಮಾಡಿಸಿದೆ. ಎದೆಯ ಮೇಲೆ ಕನ್ನಡದಲ್ಲಿ — "ಅಮ್ಮ."

ಆ ಶುಕ್ರವಾರದ ಮ್ಯಾಚ್ ನೋಡಲು ಲಾಸ್ ಏಂಜಲೀಸ್‌ನ ದೊಡ್ಡ ತಂಡದವರು ಬರುವವರಿದ್ದರು, ಇವನೊಬ್ಬನನ್ನೇ ನೋಡಲು. ಅವನಿಗಾಗಲೇ ಇಪ್ಪತ್ತೆಂಟು, ಇನ್ನೊಂದು ಅವಕಾಶ ಬರುವುದು ಅನುಮಾನವಿತ್ತು. ಮ್ಯಾಚಿನ ಹಿಂದಿನ ಸಂಜೆ ಫೋನ್ ಸ್ವಿಚ್ ಆಫ್ ಮಾಡಿ ನನ್ನ ಕೈಗೆ ಕೊಡುವುದು ಅವನ ಪದ್ಧತಿ. ನಾನದನ್ನು ಅವಲಕ್ಕಿ ಡಬ್ಬದ ಪಕ್ಕದ ಖಾಲಿ ಸ್ಟೀಲ್ ಡಬ್ಬದಲ್ಲಿ ಇಡುತ್ತಿದ್ದೆ. ಆಟ ಮುಗಿಯುವವರೆಗೆ ಪ್ರಪಂಚವೆಲ್ಲ ಆ ಡಬ್ಬದೊಳಗೆ.

ಆ ಶುಕ್ರವಾರ ಬೆಳಿಗ್ಗೆ ಮೊದಲು ವಿಮಲಾಳ ಫೋನ್. "ಎರಡು ವ್ಯಾನ್ ಜನ ಆಯ್ತು ಕಣ್ರೀ! ಆರ್ಟೀಸಿಯಾದ ನಮ್ಮವರ ಅಂಗಡೀಲಿ ಮೈಸೂರ್‌ಪಾಕ್ ತಗೊಂಡು ಹೊರಡ್ತೀವಿ. ನಿಮ್ಮ ಮಗ ಬೆಂಚ್ ಮೇಲೆ ಕೂತ್ರೆ ನಾನೇ ಸೆರಗು ಕಟ್ಟಿ ಇಳೀತೀನಿ, ನೋಡಿ!"

ಇಟ್ಟ ಕೂಡಲೇ ಇನ್ನೊಂದು ಕರೆ. ಅವನ ಅಕ್ಕ ಇಲ್ಜೆ. ಅವನ ಫೋನ್ ಸಿಗದೆ ನನ್ನದಕ್ಕೆ ಮಾಡಿದ್ದಳು. ಮಾತು ಕಡಿಮೆಯ ಹೆಣ್ಣು, ಹರಕು ಇಂಗ್ಲಿಷು. ತಾಯಿಗೆ ಎರಡು ದಿನದಿಂದ ಉಸಿರಾಟದ ತೊಂದರೆ. ಇದ್ದಕ್ಕಿದ್ದಂತೆ ಕೈಮೀರಿದೆ. ಆಸ್ಪತ್ರೆಯ ಒಳಗೆ ಯಾರನ್ನೂ ಬಿಡುತ್ತಿಲ್ಲ. "ನರ್ಸ್ ಫೋನನ್ನು ಅಮ್ಮನ ಕಿವಿಗೆ ಹಿಡೀತಾರಂತೆ. ಒಂದೇ ಒಂದು ನಿಮಿಷ. ಅವನನ್ನು ಕರೀರಿ."

ಮಹಡಿಯ ಮೇಲೆ ಅವನು ಮಗ್ಗುಲು ಬದಲಿಸಿದ. ಸೂಟ್‌ಕೇಸು ಕಿರುಗುಟ್ಟಿದ್ದು ನನಗೆ ಕೇಳಿಸಿತು. ಹದಿನಾಲ್ಕು ಮೆಟ್ಟಿಲು. ಅಷ್ಟೇ ಇದ್ದದ್ದು.

"ಅವನು ಪ್ರಾಕ್ಟೀಸ್‌ಗೆ ಹೋಗಿದ್ದಾನೆ. ಬಂದ ಕೂಡಲೇ ಹೇಳ್ತೀನಿ," ಎಂದೆ. ಕಾನ್ವೆಂಟಿನ ಸಿಸ್ಟರುಗಳು ಅಷ್ಟು ಮುತುವರ್ಜಿಯಿಂದ ತಿದ್ದಿಕೊಟ್ಟ ಮೆತ್ತನೆಯ ಇಂಗ್ಲಿಷಿನಲ್ಲಿ. ಆ ದನಿಯನ್ನು ಯಾರು ತಾನೆ ನಂಬುವುದಿಲ್ಲ?

ಅವನ ಭವಿಷ್ಯಕ್ಕಾಗಿ ಹಾಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಗಳಿಗೆ ನನ್ನ ಕಣ್ಣ ಮುಂದೆ ಇದ್ದದ್ದು ಆ ಎರಡು ವ್ಯಾನ್. ಇಸ್ತ್ರಿ ಮಾಡಿ ಕುರ್ಚಿಗೆ ಹಾಕಿದ್ದ ಟಿ-ಶರ್ಟ್. ಅವನು ತಾಯಿಗಾಗಿ ಅತ್ತು, ಆಡದೆ ಕುಳಿತರೆ ವಿಮಲಾಳ ಮುಂದೆ ನಾನು ಯಾರ ಅಮ್ಮ — ಛೀ.

ಹನ್ನೊಂದಕ್ಕೆ ಇಲ್ಜೆ ಮತ್ತೆ ಮಾಡಿದಳು. ಮುಗಿದಿತ್ತು. ನರ್ಸ್ ಕೊನೆಯವರೆಗೂ ಫೋನ್ ಹಿಡಿದು ಕಾದಿದ್ದರಂತೆ. "ನೀವು ಅವನಿಗೆ ಹೇಳಲಿಲ್ವಾ?" ಎಂದು ಕೇಳಿದಳು.

ಆಗ ನಾನು ಆಡಿದ ಮಾತು — ನಾಲಿಗೆಯನ್ನು ಎಷ್ಟು ಉಜ್ಜಿದರೂ ಹೋಗದ ಮಾತು — "ಹೇಳಿದೆ. ಮ್ಯಾಚ್ ಮುಗೀಲಿ ಅಂದ."

ಅವಳು ಫೋನ್ ಇಟ್ಟಳು.

ಆಮೇಲೆ ಹೋಗಿ ತಲೆಗೆ ನೀರು ಹಾಕಿಕೊಂಡೆ. ಸಾವಿನ ಸುದ್ದಿ ಕೇಳಿ ಸ್ನಾನ ಮಾಡದೆ ಅಡುಗೆಮನೆಗೆ ಹೋಗುವಂತಿಲ್ಲವಲ್ಲ! ಸುಳ್ಳು ಹೇಳಬಹುದು, ಮೈಲಿಗೆಯಲ್ಲಿ ಒಲೆ ಮುಟ್ಟಬಾರದು. ನನ್ನ ಮಡಿ ಎಂಥದ್ದೆಂದು ಆ ದಿನ ನೋಡಿಕೊಂಡೆ.

ಟವೆಲ್ ಸುತ್ತಿಕೊಂಡು ಹೊರಬಂದರೆ ಅವನು ಮೆಟ್ಟಿಲಿಳಿಯುತ್ತಿದ್ದ. ಒದ್ದೆ ತಲೆ ನೋಡಿ ಮುಖ ಅರಳಿತು. "ಹಬ್ಬ, ಅಮ್ಮ?"

"ಹೌದು," ಎಂದೆ. "ಹಬ್ಬ."

ಹೇಳಿದ ಮೇಲೆ ಪಾಯಸ ಮಾಡದಿದ್ದರೆ ಹೇಗೆ? ಶಾವಿಗೆ ಹುರಿದೆ. ಹಾಲು ಕುದಿಸಿದೆ. ಏಲಕ್ಕಿ ಕುಟ್ಟಿದೆ. ದ್ರಾಕ್ಷಿ ತುಪ್ಪದಲ್ಲಿ ಉಬ್ಬುವುದನ್ನು ನೋಡುತ್ತ ನಿಂತಿದ್ದೆ, ಎಂದಿನಂತೆ. ನನಗೆ ಇಂದಿಗೂ ಹೇಸಿಗೆ ಹುಟ್ಟಿಸುವುದು ಆ "ಎಂದಿನಂತೆ."

ಸಂಜೆ ಅವನು ಆಡಿದಂಥ ಆಟವನ್ನು ನಾನು ಮತ್ತೆ ನೋಡಿಲ್ಲ. ಚೆಂಡು ಅವನ ಕೈ ಬಿಟ್ಟರೆ ಬುಟ್ಟಿಗೇ. ವಿಮಲಾ ಗಂಟಲು ಹರಿಯುವಂತೆ ಕೂಗಿದಳು. ನಾನು "ಅಮ್ಮ" ಎಂದು ಎದೆಯ ಮೇಲೆ ಬರೆಸಿಕೊಂಡು ಚಪ್ಪಾಳೆ ತಟ್ಟಿದೆ. ಆಟ ಮುಗಿದು ಲಾಸ್ ಏಂಜಲೀಸಿನವರು ಅವನ ಕೈ ಕುಲುಕಿ ಹೋದ ಮೇಲೆ ಪಾರ್ಕಿಂಗ್ ಲಾಟ್‌ನಲ್ಲಿ ಹೇಳಿದೆ — "ಈಗ ತಾನೇ ಇಲ್ಜೆ ಫೋನ್ ಮಾಡಿದ್ದಳು. ನಿನ್ನ ತಾಯಿ ಹೋಗಿಬಿಟ್ಟರಂತೆ." ಅವನು ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತ. ಅಷ್ಟೆತ್ತರದವನು, ಮೊಣಕಾಲೂರಿ.

ದೊಡ್ಡ ತಂಡ ಅವನನ್ನು ತೆಗೆದುಕೊಂಡಿತು. ಲಾಸ್ ಏಂಜಲೀಸಿನಲ್ಲಿ ಮೂರು ವರ್ಷ ಆಡಿದ. ದೊಡ್ಡ ಮ್ಯಾಚಿದ್ದಾಗಲೆಲ್ಲ ಕಾರು ಮಾಡಿಕೊಂಡು ಬಂದು ಹಿಂದಿನ ದಿನ ನನ್ನ ಕೈಯ ಪಾಯಸ ತಿಂದು ಹೋಗುತ್ತಿದ್ದ, ಅದೇ ಅದೃಷ್ಟ ಎಂದು. ಪ್ರತಿ ಸಲವೂ ಮಾಡಿ ಬಡಿಸಿದೆ. ಒಂದು ಚಮಚವೂ ನಾನು ಬಾಯಿಗಿಟ್ಟಿಲ್ಲ. ಶುಗರ್ ಅಂದೆ, ಯಜಮಾನರೂ ನಂಬಿದರು.

ಹೋದ ತಿಂಗಳು ಬಂದವನು ಮಂಡಿಗೆ ಐಸ್ ಕಟ್ಟಿಕೊಂಡು ಕುಳಿತು ಹೇಳಿದ: "ನನ್ನ ಆಟ ಕೆಡಬಾರದು ಅಂತ ಇಲ್ಜೆ ಸಾಯಂಕಾಲದವರೆಗೂ ಮುಚ್ಚಿಟ್ಟಳು. ನಾನು ಅವಳನ್ನ ಕ್ಷಮಿಸಿದ್ದೀನಿ, ಅಮ್ಮ. ಆದ್ರೆ ಅವಳೇ ಮಾತಾಡೋದಿಲ್ಲ. ಯಾಕೆ ಅಂದ್ರೆ 'ನಿನಗೇ ಗೊತ್ತು' ಅಂತಾಳೆ. ನನಗೇನು ಗೊತ್ತು?"

ಬಟ್ಟಲಿನ ತಳ ಕೆರೆಯುತ್ತ ಕೇಳಿದ. ನಾನು ಬಟ್ಟಲು ಎತ್ತಿಕೊಂಡು ಸಿಂಕಿಗೆ ಹೋದೆ, ನಲ್ಲಿ ಬಿಟ್ಟೆ. ನನ್ನದೊಂದು ಮಾತು ಅಕ್ಕ ತಮ್ಮಂದಿರ ನಡುವೆ ಇಷ್ಟು ವರ್ಷ ಕೊಳೆಯುತ್ತ ಬಿದ್ದಿದೆ. ಇಬ್ಬರೂ ನನ್ನನ್ನು ಒಳ್ಳೆಯವಳು ಅಂದುಕೊಂಡಿದ್ದಾರೆ.

ಶಾಲೆಯಲ್ಲಿ ಶನಿವಾರ ನನ್ನ ಕ್ರಿಶ್ಚಿಯನ್ ಗೆಳತಿಯರು ಪಾಪನಿವೇದನೆಗೆ ಸಾಲು ನಿಲ್ಲುತ್ತಿದ್ದರು. ಜಾಲರಿಯ ಆಚೆ ಕೂತ ಪಾದ್ರಿಗೆ ಪಿಸುಗುಟ್ಟಿ, ಹಗುರಾಗಿ ಬಂದು ಪೇರಲೆಕಾಯಿ ಕಚ್ಚುತ್ತಿದ್ದರು. ಕನ್ನಡದಲ್ಲಿ ಇದನ್ನು ಬರೆಯುತ್ತಿರುವುದೂ ಅಂಥ ಜಾಲರಿಯೇ ಇರಬೇಕು — ಅವನು ಓದಲಾರ ಎಂಬ ಧೈರ್ಯ. ಇದೂ ಸಾಲದು.

ಅವನ ಮಂಡಿ ಸೋತಿದೆ, ಆಟ ಬಿಟ್ಟಿದ್ದಾನೆ. ಮುಂದಿನ ವಾರ ಊರಿಗೇ ಹೊರಟುಹೋಗುತ್ತಾನೆ, ಇಲ್ಜೆ ಇರುವ ಊರಿಗೆ. ನಾಳೆ ಊಟಕ್ಕೆ ಬರುತ್ತಾನೆ. ಹಾಲು ತಂದಿಲ್ಲ, ಶಾವಿಗೆ ಇಲ್ಲ. ಮೇಜಿನ ಮೇಲೆ ಕೈಗವಸು ತೆಗೆದಿಟ್ಟಿದ್ದೇನೆ, ಅವನ ತಾಯಿಯದು, ಅವನು ಒಯ್ಯಲಿ.

ತಲೆ ಬಗ್ಗಿಸಿ ಒಳಗೆ ಬಂದು, ಒಲೆಯ ಕಡೆ ನೋಡಿ, "ನೋ ಹಬ್ಬ, ಅಮ್ಮ?" ಎನ್ನುತ್ತಾನೆ.

ಆ ದಿನವೂ ಇರಲಿಲ್ಲ, ಯುರಿಸ್. ಅಲ್ಲಿಂದಲೇ ಶುರುಮಾಡುತ್ತೇನೆ.