ಗುಣವತಿಯಕ್ಕ ಮೆಣಸು ಸುಟ್ಟ ಸಂಜೆ

ಗುಣವತಿಯಕ್ಕ ಮಗಳ ಮನೆಗೆಂದು ದೂರದ ಮೆಲ್ಬರ್ನಿನ ಕ್ರಾನ್‌ಬರ್ನ್‌ಗೆ ಹೋದ ಮೇಲೆ ಇಲ್ಲಿ ಎಪ್ಪಿಂಗ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೀನು ಹುರಿಯುವ ವಾಸನೆಯೇ ಇಲ್ಲ. ಮೈಸೂರಿನ ಸಸ್ಯಾಹಾರಿ ಮೂಗು ನನ್ನದು, ಆಗೆಲ್ಲ ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ. ಈಗ ಲಿಫ್ಟಿನಿಂದ ಇಳಿದಾಗ ಆ ವಾಸನೆಯನ್ನೇ ಹುಡುಕುತ್ತೇನೆ.

ಅಕ್ಕ ಉಡುಪಿಯ ಕಡೆಯವರು. ಇಲ್ಲಿ ಒಂದು ಶಿಶುವಿಹಾರದಲ್ಲಿ ಅಡುಗೆ ಮಾಡುತ್ತಿದ್ದರು, ಗಂಡ ಪ್ರೇಮನಾಥರು ಬಸ್ ಓಡಿಸುತ್ತಿದ್ದರು. ಮಗಳು ನವ್ಯಾ ಮದುವೆಯಾಗಿ ಹೋದಾಗ ಖಾಲಿಯಾದ ರೂಮನ್ನು ರೂಯಿ ಎಂಬ ಚೀನೀ ಹುಡುಗಿಗೆ ರೆಂಟಿಗೆ ಕೊಟ್ಟರು. ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಮೆಲುದನಿಯ ಹುಡುಗಿ. ಅಕ್ಕನದು ಒಂದೇ ಕಂಡೀಷನ್, ಮನೆಗೆ ಕುಡಿದು ಬರಬಾರದು. ಮೀನಿನ ತಲೆಯನ್ನು ಇಬ್ಬರೂ ಒಂದೇ ಪ್ರೀತಿಯಿಂದ ಚೀಪುತ್ತಿದ್ದುದರಿಂದ ಉಳಿದದ್ದೆಲ್ಲ ತಾನಾಗಿ ಹೊಂದಿಕೊಂಡಿತು.

ಆ ಕಂಡೀಷನ್ನಿಗೆ ಕಾರಣವಿತ್ತು. ಅಕ್ಕನ ಅಪ್ಪ ಸಂಜೆ ಕಳ್ಳು ಕುಡಿದು, ಮುಖಕ್ಕೆ ಬೈರಾಸು, ಅಂದರೆ ಟವೆಲ್ಲು, ಎಳೆದುಕೊಂಡು ಮನೆಗೆ ಬರುತ್ತಿದ್ದರಂತೆ. ಹೆಗಲ ಬೈರಾಸು ಮುಖಕ್ಕೆ ಏರಿದ್ದು ಕಂಡರೆ ಸಾಕು, ಮಕ್ಕಳು ಹಿತ್ತಿಲಿಗೆ ಓಡುತ್ತಿದ್ದರು. ಅವರು ಹೊಡೆದವರಲ್ಲ, ಬೈದವರೂ ಅಲ್ಲ. ಆದರೂ ಓಡುತ್ತಿದ್ದೆವು ಎನ್ನುವಾಗ ಅಕ್ಕ ಕೈಯಲ್ಲಿದ್ದ ಸೌಟು ನಿಲ್ಲಿಸುತ್ತಿದ್ದರು.

ಒಂದು ಸಂಜೆ ರೂಯಿ ಪ್ರೊಫೆಸರ್ ಕೊಟ್ಟ ಊಟ ಮುಗಿಸಿ ಬಂದಳು. ಮುಖ, ಕಿವಿ, ಕುತ್ತಿಗೆಯೆಲ್ಲ ಕೆಂಪು ಕೆಂಪು. ಅಕ್ಕನಿಗೆ ಕಂಡದ್ದು ದೃಷ್ಟಿ. ಚಂದದ ಹುಡುಗಿ, ಒಳ್ಳೆಯ ಮಾರ್ಕ್ಸು, ಯಾರದೋ ಹಾಳು ಕಣ್ಣು ಬಿದ್ದಿದೆ ಎಂದು ಅವಳನ್ನು ಕೂರಿಸಿ, ಉಪ್ಪು ಮೆಣಸು ನಿವಾಳಿಸಿ ಕಾದ ಕಾವಲಿಗೆ ಹಾಕಿದರು. ದೃಷ್ಟಿ ತಾಗಿದ್ದರೆ ಮೆಣಸು ಘಾಟು ಬರುವುದಿಲ್ಲ ಅನ್ನುತ್ತಾರಲ್ಲ, ಅವತ್ತು ಮಹಡಿಗೆ ಮಹಡಿಯೇ ಕೆಮ್ಮಿತು. ಅಲಾರಂ ಕಿರುಚಿ ನಾವೆಲ್ಲ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಬಂದೆವು.

ಘಾಟು ಬಂತೆಂದರೆ ದೃಷ್ಟಿಯಲ್ಲ. ಹಾಗಾದರೆ ಇದು ಎಂತದು ಎಂದು ಅಕ್ಕ ಬೀದಿಯಲ್ಲೇ ಕೇಳಿದರು. ಅರ್ಧ ಗ್ಲಾಸ್ ಬಿಯರ್ ಎಂದಳು ರೂಯಿ. ಅಕ್ಕನ ಮುಖ ಸಣ್ಣದಾಯಿತು. ಭಾನುವಾರದೊಳಗೆ ಬೇರೆ ರೂಮ್ ನೋಡಿಕೊ ಎಂದು ಹೇಳಿ ಮೆಟ್ಟಿಲು ಹತ್ತಿದರು.

ಮರುದಿನ ನಾನು ರಾಜಿಗೆಂದು ಹೋದೆ. ನನ್ನ ಮಾತು ಅಕ್ಕನ ಮುಂದೆ ಕೋಣನ ಮುಂದೆ ಕಿನ್ನರಿ. ಕೊನೆಗೆ ರೂಯಿಯೇ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಅವಳ ಊರಿನ ಬಹಳ ಜನರ ಮೈಗೆ ಮದ್ಯ ಅರಗುವುದಿಲ್ಲ, ಒಂದು ಗುಟುಕಿಗೇ ಮುಖ ಕೆಂಪಾಗುತ್ತದೆ. ಹುಡುಗ ಕೆಂಪಾದರೆ ಇವನಲ್ಲಿ ಕಪಟವಿಲ್ಲ ಎಂದು ಬೆನ್ನು ತಟ್ಟಿ ಇನ್ನೂ ಸುರಿಯುತ್ತಾರೆ. ಹುಡುಗಿಯಾದರೆ ಕೆಲವರಿಗೆ ಚಂದ, ಕೆಲವರಿಗೆ ತಮಾಷೆ. ಹಿರಿಯರು ಗ್ಲಾಸ್ ಎತ್ತಿದಾಗ ಒಲ್ಲೆ ಅಂದರೆ ಅವರ ಮರ್ಯಾದೆ ತೆಗೆದಂತೆ. ಅದಕ್ಕೇ ಅನೇಕರು ಊಟಕ್ಕೆ ಮೊದಲೇ ಒಂದು ಮಾತ್ರೆ ನುಂಗುತ್ತಾರೆ. ಕೆಂಪು ಕಾಣುವುದಿಲ್ಲ, ವಿಷ ಮಾತ್ರ ಒಳಗೇ ಇರುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಂದುಕೊಂಡೆ ನಾನು.

"ನನಗೂ ಫ್ರೆಂಡ್ ಒಂದು ಮಾತ್ರೆ ಕೊಟ್ಟಿದ್ಲು ಆಂಟಿ. ನುಂಗಿದ್ರೆ ನಿಮಗೆ ಗೊತ್ತೇ ಆಗ್ತಿರ್ಲಿಲ್ಲ," ಎಂದಳು ರೂಯಿ. "ಮುಖ ಮುಚ್ಕೊಂಡು ಈ ಮನೆಗೆ ಬರೋಕೆ ಮನಸ್ಸಾಗ್ಲಿಲ್ಲ."

ಅಕ್ಕ ಎದ್ದು ಅಡುಗೆಮನೆಗೆ ಹೋದರು. ಆಮೇಲೆ ತಟ್ಟೆ ತಂದಿಟ್ಟು ಅನ್ನಕ್ಕೆ ಬಂಗುಡೆ ಮೀನಿನ ಸಾರು ಹಾಕಿದರು. ಭಾನುವಾರ ಬಂತು, ಹೋಯಿತು, ರೂಮಿನ ಮಾತನ್ನು ಯಾರೂ ಎತ್ತಲಿಲ್ಲ.

ಆದರೆ ಹಿರಿಯರ ಗ್ಲಾಸಿಗೆ ಏನು ಮಾಡುವುದು? ಉಪಾಯವೂ ಅಕ್ಕನದೇ. ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಿಂದ ಪುನರ್ಪುಳಿ ಹಣ್ಣಿನ ಒಣಗಿದ ಸಿಪ್ಪೆ ತಂದು, ನೆನೆಹಾಕಿ, ಸಕ್ಕರೆ ಬೆರೆಸಿ ಕೆಂಪನೆಯ ಶರಬತ್ತು ಮಾಡಿ ಬಾಟಲಿಗೆ ತುಂಬಿ ಕೊಟ್ಟರು. ಕದ್ದುಮುಚ್ಚಿ ಕುಡಿಯಬೇಡ, ನಮ್ಮ ಆಂಟಿಯ ಊರಿನದು ಎಂದು ಹೇಳಿಯೇ ಎತ್ತು ಎಂದರು. ರೂಯಿ ಹಾಗೇ ಮಾಡಿದಳು. ಬಾಟಲಿ ಪ್ರತಿಸಲವೂ ಖಾಲಿಯಾಗಿ ಬರುತ್ತಿತ್ತು. ಪ್ರೊಫೆಸರೂ ಕೇಳಿ ಹಾಕಿಸಿಕೊಂಡರಂತೆ. ಅಕ್ಕನ ಜಂಬ ನೋಡಬೇಕಿತ್ತು.

ಎಂಥ ದಿನಗಳು ಅವು. ಮುಂದೆ ರೂಯಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು, ಅಕ್ಕನೂ ಅಲ್ಲಿಗೇ ಹೋದರು. ಕಳೆದ ವರ್ಷ ಅವಳ ಮದುವೆಗೆ ನಾನೂ ಹೋಗಿದ್ದೆ. ಅವರಲ್ಲಿ ಮದುಮಗಳು ಮೇಜಿನಿಂದ ಮೇಜಿಗೆ ಹೋಗಿ ಹಿರಿಯರ ಮುಂದೆ ಗ್ಲಾಸ್ ಎತ್ತಬೇಕು, ತನ್ನ ಗ್ಲಾಸನ್ನು ಅವರದಕ್ಕಿಂತ ತಗ್ಗಿಸಿ ಹಿಡಿಯಬೇಕು. ರೂಯಿ ಕೆಂಪು ಬಟ್ಟೆಯಲ್ಲಿ ಮುಂದೆ, ಪುನರ್ಪುಳಿಯ ಜಗ್ ಹಿಡಿದ ಅಕ್ಕ ರೇಷ್ಮೆ ಸೀರೆಯಲ್ಲಿ ಹಿಂದೆ. ಎಲ್ಲ ಮೇಜೂ ಮುಗಿದು ಕಡೆಗೆ ನಮ್ಮ ಮೇಜಿಗೆ ಬಂದಾಗ ರೂಯಿ ಜಗ್ ಇಸಿದುಕೊಂಡು ಕೆಳಗಿಟ್ಟಳು. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ತನ್ನ ಗ್ಲಾಸಿಗೆ ತಳ ಮುಚ್ಚುವಷ್ಟು ವೈನ್ ಹಾಕಿಕೊಂಡಳು.

"ಇದು ಎಂತ ಮಾರಾಯ್ತಿ, ಬೇಡ," ಎಂದರು ಅಕ್ಕ.

"ಒಂದೇ ಗುಟುಕು ಆಂಟಿ. ಎಲ್ಲರ ಮುಂದೆ ಶರಬತ್ತು ಸಾಕು. ನಿಮ್ಮ ಮುಂದೆ ಮುಖ ಕೆಂಪಾದ್ರೆ ನನಗೆ ಭಯ ಇಲ್ಲ."

ಗ್ಲಾಸನ್ನು ಅಕ್ಕನ ಮೊಣಕಾಲಿನಷ್ಟು ತಗ್ಗಿಸಿ, ಆಮೇಲೆ ಕುಡಿದು, ಎದುರಿಗೇ ನಿಂತಳು. ನೋಡನೋಡುತ್ತ ಕೆನ್ನೆ, ಕಿವಿ, ಕುತ್ತಿಗೆ ಕೆಂಪೇರಿದವು. ಅಕ್ಕ ಎದ್ದು ಆ ಮುಖವನ್ನು ಎರಡೂ ಕೈಯಲ್ಲಿ ಸವರಿ, ಬೆರಳುಗಳನ್ನು ತಮ್ಮ ಹಣೆಗೆ ಒತ್ತಿ ನೆಟಿಕೆ ಮುರಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಅಪ್ಪ ಆ ಬೈರಾಸು ತೆಗೆದು ಒಮ್ಮೆ ಹೀಗೆ ಎದುರಿಗೆ ನಿಂತಿದ್ರೆ," ಎಂದರು ನನ್ನ ಕಡೆ ತಿರುಗಿ, "ನಾನು ಓಡ್ತಿರ್ಲಿಲ್ಲ ಅಪರ್ಣ."